ಕಬ್ಬಿನ ಹಾದಿಯಲ್ಲಿ ಬಗ್ಗಿ ಸವಾರಿ

ಬಗ್ಗಿ ಎಂದೊಡನೆ ನಮ್ಮ ತಲೆಮಾರಿನವರ ಕಣ್ಣ ಮುಂದೆ ನಿಲ್ಲುವುದು ಕುದುರೆ ಹೂಡಿದ ಗಾಡಿ. ಘಟಪ್ರಭೆಯ ದಂಡೆಯ ನಮ್ಮೂರಿನಲ್ಲಿ ದೇಸಾಯಿಯವರ ವಾಡೆಯ ಮೂಲೆಯಲ್ಲಿ ಗಾಲಿ ಮುರಿದ ಬಗ್ಗಿಯೊಂದು ಬಹುಕಾಲ ನಿಂತಿತ್ತು. ಹುಡುಗರಾದ ನಾವು ಅದರ ಮೇಲೆ ಕುಳಿತು ಇಲ್ಲದ ಕುದುರೆಗಳನ್ನು ಹೊಡೆಯುತ್ತಿದ್ದೆವು. ಅದೇ ಹೆಸರಿನ ಇನ್ನೊಂದು ವಾಹನದಲ್ಲಿ, ಅರವತ್ತೇಳನೆಯ ವಯಸ್ಸಿನಲ್ಲಿ, ಭೂಮಿಯ ಆಚೆಯ ಮಗ್ಗುಲಿನ ದ್ವೀಪವೊಂದರ ಕೆಸರು ಹಾದಿಯಲ್ಲಿ ಸಾಗುವ ಪ್ರಸಂಗ ನನಗೆ ಒದಗುವುದೆಂದು ಯಾರು ತಾನೆ ಎಣಿಸಿದ್ದರು?

ಕಳೆದ ಫೆಬ್ರುವರಿಯಲ್ಲಿ ನಾವು ದಂಪತಿಗಳು ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿದ್ದೆವು. ಹೊರಗೆ ಮೊಣಕಾಲುದ್ದ ಹಿಮ. ಮೊಮ್ಮಗಳಿಗೆ ಒಂದು ವಾರ ಶಾಲೆಗೆ ರಜೆ ದೊರೆತದ್ದೇ ತಡ, ಅಳಿಯಂದಿರು ಎಲ್ಲರಿಗೂ ಡೊಮಿನಿಕನ್ ರಿಪಬ್ಲಿಕ್ ದೇಶಕ್ಕೆ ಟಿಕೆಟು ತೆಗೆಸಿದರು. ನಾಲ್ಕು ತಾಸಿನ ವಿಮಾನಯಾನ. ಪುಂತಾ ಕಾನಾ ಎಂಬ ಆ ನಿಲ್ದಾಣದ ಛಾವಣಿಗೆ ತಾಳೆಯ ಜಾತಿಯ ಗರಿಗಳನ್ನು ಹೊದಿಸಿರುವುದನ್ನು ಕಂಡು ನಮ್ಮ ಮನೆಯವರು, "ಇವರು ನಮ್ಮಂಥಾ ಮಂದಿನ ಬಿಡ್ರಿ" ಎಂದರು.

ಹಿಸ್ಪಾನಿಯೋಲಾ ಎಂಬ ಒಂದೇ ದ್ವೀಪವನ್ನು ಎರಡು ದೇಶಗಳು ಹಂಚಿಕೊಂಡಿವೆ. ಪಶ್ಚಿಮದ ಭಾಗ ಹೈಟಿ. ಪೂರ್ವದ ದೊಡ್ಡ ಭಾಗ ಡೊಮಿನಿಕನ್ ರಿಪಬ್ಲಿಕ್. 1492ರಲ್ಲಿ ಕೊಲಂಬಸನು ನಮ್ಮ ದೇಶದ ಕಡೆಗೆ ಬಂದೆನೆಂದು ಭ್ರಮಿಸಿ ಇಳಿದ ದ್ವೀಪಗಳಲ್ಲಿ ಇದೂ ಒಂದು. ನಾವು ಉಳಿದುಕೊಂಡದ್ದು ಅದರ ಆಗ್ನೇಯ ತೀರದ ಬಯಾಹೀಬೆ ಎಂಬ ಮೀನುಗಾರರ ಹಳ್ಳಿಯ ಬಳಿಯಲ್ಲಿ. ಸಮುದ್ರವನ್ನು ಬಣ್ಣಿಸುವ ಕೆಲಸವನ್ನು ಚಿತ್ರಪತ್ರಿಕೆಗಳು ಮಾಡಿವೆ, ನನ್ನಿಂದಾಗದು. ಅದಕ್ಕಿಂತ ನನ್ನ ಮನಸ್ಸು ಸೆಳೆದದ್ದು ಆ ಹಳ್ಳಿಯ ಹೆಸರನ್ನೇ ಹೊತ್ತ ಒಂದು ಹೂವು. ಅದು ಪಾಪಾಸುಕಳ್ಳಿಯ ಕುಲದ್ದು. ಆದರೆ ಮುಳ್ಳಿನ ಜೊತೆಗೆ ನಿಜವಾದ ಎಲೆಗಳೂ ಇವೆ, ಗುಲಾಬಿ ಬಣ್ಣದ ಹೂವೂ ಅರಳುತ್ತದೆ. ಈ ಸೀಮೆಯಲ್ಲಲ್ಲದೆ ಬೇರೆಡೆ ಸಹಜವಾಗಿ ಬೆಳೆಯದ, ಅಳಿವಿನ ಅಂಚಿನಲ್ಲಿರುವ ಈ ಗಿಡದ ಹೂವನ್ನು 2011ರಲ್ಲಿ ಆ ದೇಶದ ರಾಷ್ಟ್ರೀಯ ಪುಷ್ಪವೆಂದು ಸಾರಿದರು.

ಬಗ್ಗಿಯ ವಿಹಾರ ಶನಿವಾರಕ್ಕೆ ಗೊತ್ತಾಯಿತು. ಮಂಡಿನೋವಿನ ನಿಮಿತ್ತ ನಮ್ಮ ಮನೆಯವರು ಕೋಣೆಯಲ್ಲಿಯೇ ಉಳಿದರು. ನನ್ನ ಧೋತರವನ್ನು ಕಂಡು ಮಗಳು, "ಅಪ್ಪಾಜಿ, ಅದು ಗಾಲಿಗೆ ಸಿಕ್ರ ಏನ ಮಾಡ್ತೀರಿ?" ಎಂದು ಆಕ್ಷೇಪಿಸಿ ಅಳಿಯಂದಿರ ಹಳೆಯ ಪ್ಯಾಂಟೊಂದನ್ನು ಕೊಟ್ಟಳು. ಮಠದ ಪಾಠಶಾಲೆಯನ್ನು ಸೇರಿದ ದಿನದಿಂದ ಉಡದಿದ್ದ ವಸ್ತ್ರವನ್ನು ಅಂದು ಧರಿಸಿದೆ. ತಲೆಗೆ ಹೆಲ್ಮೆಟ್, ಕಣ್ಣಿಗೆ ದೊಡ್ಡ ಕನ್ನಡಕ, ಮೂಗಿಗೆ ಕರವಸ್ತ್ರ. ಕನ್ನಡಿಯಲ್ಲಿ ನನ್ನ ಗುರುತು ನನಗೇ ಹತ್ತಲಿಲ್ಲ.

ಬಗ್ಗಿಯೆಂದರೆ ನಾಲ್ಕು ದಪ್ಪ ಗಾಲಿಗಳ ಮೇಲೆ ನಿಲ್ಲಿಸಿದ ಕಬ್ಬಿಣದ ಕೊಳವೆಗಳ ಪಂಜರ. ಬಾಗಿಲಿಲ್ಲ, ಗಾಜಿಲ್ಲ. ವಾಹನ ಮಗುಚಿದರೂ ತಲೆಗೆ ಪೆಟ್ಟಾಗದಿರಲೆಂದೇ ಆ ಪಂಜರ. ಡಾಂಬರು ಕಾಣದ ಹಾದಿಗಾಗಿಯೇ ಮಾಡಿದ ವಾಹನವಿದು. ಅಂಥವು ಹನ್ನೆರಡು ಸಾಲಾಗಿ ಹೊರಟವು. ಅಳಿಯಂದಿರು ಚಾಲಕರು, ಅವರ ಪಕ್ಕದಲ್ಲಿ ಮೊಮ್ಮಗಳು, ಹಿಂದೆ ನಾನು ಮತ್ತು ಮಗಳು. ಮಾರ್ಗದರ್ಶಿಯಾದ ತರುಣ ಎಲ್ಲರಿಗಿಂತ ಮುಂದೆ. ಸಾಲು ಮುರಿಯಬಾರದು, ಹಿಂದಿಕ್ಕಬಾರದು, ತಾನು ಕೈಯೆತ್ತುವವರೆಗೆ ಯಾರೂ ನಿಲ್ಲಬಾರದು ಎಂಬುದು ಆತನ ಕಟ್ಟಳೆ.

ಹತ್ತು ನಿಮಿಷದಲ್ಲಿ ಸಮುದ್ರದ ಸುಳಿವಡಗಿ ಎರಡೂ ಬದಿಗೆ ಕಬ್ಬು ಆವರಿಸಿತು. ದಿಗಂತದವರೆಗೆ ಕಬ್ಬು. ಸೂಲಂಗಿ ಬಿಟ್ಟು ಬೆಳ್ಳಗೆ ಮಿನುಗುವ ಹೊಲವನ್ನು ಕಂಡೊಡನೆ ಮುಧೋಳ ಜಮಖಂಡಿಗಳ ಸೀಮೆಯಲ್ಲಿಯೇ ಇರುವೆನೇನೋ ಎನ್ನಿಸಿತು. ಅಲ್ಲಿ ಡಿಸೆಂಬರಿನ ಸುಮಾರಿಗೆ ಆರಂಭವಾಗುವ ಕಟಾವು ಬೇಸಿಗೆಯವರೆಗೂ ನಡೆಯುತ್ತದೆ. ನಮ್ಮಲ್ಲಿ ಈಗ ಎರಡೆರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳು ಕಬ್ಬು ಹೊರುತ್ತವೆ. ಅಲ್ಲಿ ಇಂದಿಗೂ ಎತ್ತಿನ ಗಾಡಿಗಳಿವೆ! ಅವು ಕಬ್ಬನ್ನು ತೂಕದ ಕಟ್ಟೆಗೆ ಮುಟ್ಟಿಸಿದರೆ, ಅಲ್ಲಿಂದ ಪುಟ್ಟ ರೈಲು ಅದನ್ನು ಲಾ ರೊಮಾನಾ ಪಟ್ಟಣದ ಕಾರ್ಖಾನೆಗೆ ಒಯ್ಯುತ್ತದೆ. ಎದುರಾದ ಗಾಡಿಯೊಂದು ನಮ್ಮ ಸಾಲಿಗೆ ದಾರಿ ಬಿಡಲು ಹೊಲಕ್ಕೆ ಇಳಿದು ನಿಂತಿತು. ಧೂಳಿನಲ್ಲಿ ಗಾಡಿಯವನ ಮುಖ ಕಾಣಲಿಲ್ಲ. ಎತ್ತುಗಳು ಮಾತ್ರ ಕಣ್ಣು ಮುಚ್ಚಿ ನಿಂತಿದ್ದವು.

ಮಾರ್ಗದರ್ಶಿ ಒಂದೆಡೆ ನಿಲ್ಲಿಸಿ ಕಬ್ಬಿನ ಕಡೆಗೆ ಕೈ ಮಾಡಿ "ಅಸೂಕರ್" ಎಂದ. ಸ್ಪ್ಯಾನಿಷ್ ಭಾಷೆಯಲ್ಲಿ ಸಕ್ಕರೆಗೆ ಅದೇ ಶಬ್ದ. ನನಗೆ ರೋಮಾಂಚನವಾಯಿತು. ಸಂಸ್ಕೃತದ ಶರ್ಕರಾ ಪ್ರಾಕೃತದಲ್ಲಿ ಸಕ್ಕರಾ ಆಗಿ ನಮ್ಮ ಮನೆಯೊಳಗೆ ಸಕ್ಕರೆಯಾಗಿ ನಿಂತಿತು. ಅದೇ ಶಬ್ದ ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ ಅರಬರೊಡನೆ ಸ್ಪೇನನ್ನು ಸೇರಿ ಅಸೂಕರ್ ಆಯಿತು. ಕಬ್ಬಿನ ಮೂಲ ನ್ಯೂಗಿನಿ ದ್ವೀಪವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಅದರ ರಸವನ್ನು ಕಾಸಿ ಹರಳುಗಟ್ಟಿಸುವ ವಿದ್ಯೆ ಭಾರತದ್ದು. ಹಡಗನ್ನೇರಿದ ಆ ಶಬ್ದದ ಮುಂದಿನ ಕಥೆ ಮಾತ್ರ ಸಿಹಿಯಲ್ಲ. ಕೊಲಂಬಸನು 1493ರ ಎರಡನೆಯ ಯಾತ್ರೆಯಲ್ಲಿ ಕಬ್ಬಿನ ಬೀಜವನ್ನು ಈ ದ್ವೀಪಕ್ಕೆ ತಂದನು. ಇಲ್ಲಿನ ಮೂಲನಿವಾಸಿಗಳಾದ ಟೈನೋ ಜನರು ಬಲವಂತದ ದುಡಿಮೆಯಿಂದಲೂ ಹೊಸ ರೋಗಗಳಿಂದಲೂ ಕೆಲವೇ ದಶಕಗಳಲ್ಲಿ ಬಹುಮಟ್ಟಿಗೆ ನಾಶವಾದರು. 1511ರ ಡಿಸೆಂಬರಿನಲ್ಲಿ ಸಾಂತೋ ದೊಮಿಂಗೋ ನಗರದ ಇಗರ್ಜಿಯಲ್ಲಿ ಆಂತೋನಿಯೊ ದೆ ಮೊಂತೆಸಿನೋಸ್ ಎಂಬ ಸಂನ್ಯಾಸಿ ಎದ್ದು ನಿಂತು, ಈ ಜನರನ್ನು ಹೀಗೆ ದುಡಿಸಿಕೊಳ್ಳುವ ಹಕ್ಕನ್ನು ನಿಮಗೆ ಯಾರು ಕೊಟ್ಟರೆಂದು ತನ್ನವರನ್ನೇ, ಮುಂದಿನ ಸಾಲಿನಲ್ಲಿ ಕುಳಿತ ಅಧಿಕಾರಿಗಳನ್ನೇ ಕೇಳಿದನು. ಪ್ರವಚನ ಮಾಡಿ ಬದುಕಿದ ನನ್ನಂಥವನಿಗೆ ಅಂಥ ಒಂದು ಪ್ರವಚನದ ಬೆಲೆ ಏನೆಂಬುದು ತಿಳಿಯುತ್ತದೆ. ಆದರೂ ಗಾಣಗಳು ನಿಲ್ಲಲಿಲ್ಲ. ಆಫ್ರಿಕೆಯಿಂದ ಗುಲಾಮರನ್ನು ತಂದರು. 1521ರ ಡಿಸೆಂಬರಿನಲ್ಲಿ ಕೊಲಂಬಸನ ಮಗನ ಕಬ್ಬಿನ ತೋಟದಲ್ಲಿಯೇ ಆ ಗುಲಾಮರು ಬಂಡೆದ್ದರು.

ಅಲ್ಲಿಯೇ ಒಂದು ಗುಡಿಸಲಿನಲ್ಲಿ ಪ್ರವಾಸಿಗರಿಗೆ ಕಾಫಿ, ಕೋಕೋಗಳ ಜೊತೆಗೆ ಕಸಾಬೆ ಎಂಬ ರೊಟ್ಟಿಯನ್ನು ಕೊಟ್ಟರು. ಮರಗೆಣಸನ್ನು ತುರಿದು, ಅದರ ವಿಷದ ರಸವನ್ನು ಹಿಂಡಿ ತೆಗೆದು, ಹಿಟ್ಟನ್ನು ಹಂಚಿನ ಮೇಲೆ ಹರಡಿ ಸುಡುತ್ತಾರೆ. ಟೈನೋ ಜನರಿಂದ ಉಳಿದು ಬಂದ ಈ ರೊಟ್ಟಿಯ ವಿದ್ಯೆಯನ್ನು 2024ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮುರಿದರೆ ನಮ್ಮ ಕಟಕ ರೊಟ್ಟಿಯ ಸಪ್ಪಳವೇ! ಶೇಂಗಾ ಹಿಂಡಿಯೊಂದು ಇದ್ದಿದ್ದರೆ ಎಂದು ಮಗಳು ನಿಟ್ಟುಸಿರಿಟ್ಟಳು. ಶೇಂಗಾ, ಮೆಣಸಿನಕಾಯಿ ಎರಡೂ ಈ ಅಮೆರಿಕಾ ಖಂಡಗಳಿಂದಲೇ ನಮಗೆ ಬಂದವೆಂದು ಹೇಳಿದಾಗ ಆಕೆ ನಂಬಲಿಲ್ಲ. ಮರದ ತೊಗಟೆಯನ್ನು ರಮ್ಮಿನಲ್ಲಿ ನೆನೆಸಿದ ಪಾನೀಯವೊಂದನ್ನೂ ನೀಡಿದರು. ಅದರ ಗೊಡವೆಗೆ ನಾನು ಹೋಗಲಿಲ್ಲ.

ಹಿಂದಿನ ರಾತ್ರಿಯ ಮಳೆಗೆ ಮುಂದಿನ ಹಾದಿಯ ತಗ್ಗುಗಳಲ್ಲೆಲ್ಲ ಕೆಂಪು ನೀರು ನಿಂತಿತ್ತು. ಮೊದಲ ಹೊಂಡಕ್ಕೆ ಬಿದ್ದಾಗ ಕೆಸರು ಎದೆಯವರೆಗೆ ಹಾರಿತು. ಮೊಮ್ಮಗಳು ಕಿರುಚಿದಳು. ಎರಡನೆಯದಕ್ಕೆ ನಾನೂ ಕಿರುಚಿದೆ. ಸತ್ಯವನ್ನು ಮುಚ್ಚಿಡುವುದೇಕೆ? ಮುರುಕು ಬಗ್ಗಿಯ ಮೇಲೆ ಇಲ್ಲದ ಕುದುರೆ ಹೊಡೆದ ಹುಡುಗ ಮತ್ತೆ ಎದ್ದು ಕುಳಿತಿದ್ದ. "ಮಾವಾರ, ಗಟ್ಟಿ ಹಿಡ್ಕೋರಿ" ಎಂದು ಅಳಿಯಂದಿರು ಎಚ್ಚರಿಸಿದರೆ, "ಇನ್ನಷ್ಟು ಜೋರ ಹೊಡೀರಿ ಅಳಿಯಂದಿರ!" ಎಂದು ನಾನೇ ಹುರಿದುಂಬಿಸಿದೆ. ಅವರು ಹೊಡೆದರು. ಕಬ್ಬು ಸರಿದು ಒಮ್ಮೆಲೆ ಮನೆಗಳು ಕಾಣಿಸಿಕೊಂಡವು. ತಗಡಿನ ಛಾವಣಿಯ, ಹಸಿರು ನೀಲಿ ಬಣ್ಣದ ಸಣ್ಣ ಮನೆಗಳ ಎರಡು ಸಾಲು. ನಡುವೆ ನಮ್ಮ ದಾರಿ, ದಾರಿಯ ನಡುವೆ ಒಂದು ದೊಡ್ಡ ಹೊಂಡ. ಬೇಲಿಯ ಮೇಲೆ ತಿಳಿನೀಲಿ ಬಣ್ಣದ ಅಂಗಿಗಳು ಒಣಗುತ್ತಿದ್ದವು. ನಮ್ಮ ಗಾಲಿಯೆಬ್ಬಿಸಿದ ಕೆಸರು ನೇರವಾಗಿ ಅವುಗಳ ಮೇಲೆ ಬಿದ್ದುದನ್ನೂ, ಬಾಗಿಲಲ್ಲಿ ನಿಂತ ಹೆಣ್ಣುಮಗಳು ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟುದನ್ನೂ ನಾನು ಸ್ಪಷ್ಟವಾಗಿ ಕಂಡೆ. ಆಕೆ ಕೂಗಲಿಲ್ಲ. ಕೂಗಿದ್ದರೂ ಹನ್ನೆರಡು ಇಂಜಿನುಗಳ ಸಪ್ಪಳದಲ್ಲಿ ಕೇಳಿಸುತ್ತಿರಲಿಲ್ಲ.

"ನಿಲ್ಲಸ್ರಿ" ಎಂದೆ. ನಿಲ್ಲಿಸಿದರೆ ಹಿಂದಿನವರು ಬಂದು ಗುದ್ದುವರೆಂದು ಅಳಿಯಂದಿರು ಹೇಳಿದರು. ಅದು ನಿಜವೇ ಆಗಿತ್ತು. ಮುಂದೆ ತೂಕದ ಕಟ್ಟೆಯ ಬಳಿ ಸಾಲು ನಿಂತಿತು. ಉಳಿದವರು ಚಿತ್ರ ತೆಗೆಯತೊಡಗಿದರು. ನಾನು ಮೊಮ್ಮಗಳನ್ನು ಕರೆದುಕೊಂಡು ನಡೆಯುತ್ತ ಹಿಂದಕ್ಕೆ ಹೊರಟೆ. ಶಾಲೆಯಲ್ಲಿ ಆಕೆಗೆ ಸ್ಪ್ಯಾನಿಷ್ ಪಾಠವಿದೆ.

ಇಂಥ ಬೀಡುಗಳಿಗೆ ಅಲ್ಲಿ ಬಟೇಯ್ ಎನ್ನುತ್ತಾರೆ. ಮೂಲತಃ ಅದು ಟೈನೋ ಶಬ್ದ. ಊರ ನಡುವೆ ಅವರು ಚೆಂಡಾಡುತ್ತಿದ್ದ ಬಯಲಿಗೆ ಆ ಹೆಸರು. ಈಗ ಅದು ಕಬ್ಬು ಕಡಿಯುವವರ ವಸತಿಯ ಹೆಸರು. ಕಡಿಯುವವರು ಬಹುಪಾಲು ಹೈಟಿಯಿಂದ ಬಂದವರು ಅಥವಾ ಹಾಗೆ ಬಂದವರ ಮಕ್ಕಳು. ಕೂಲಿ ಟನ್ನಿನ ಲೆಕ್ಕದಲ್ಲಿ. 2013ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವು, ಪರವಾನಗಿಯಿಲ್ಲದೆ ಬಂದ ವಿದೇಶಿಯರ ಮಕ್ಕಳು ಅಲ್ಲಿಯೇ ಹುಟ್ಟಿದ್ದರೂ ನಾಗರಿಕರಲ್ಲವೆಂದು, ಅದೂ 1929ರಷ್ಟು ಹಿಂದಿನಿಂದ ಅನ್ವಯಿಸುವಂತೆ ತೀರ್ಪಿತ್ತಿತು. ಮರುವರ್ಷ ಬಂದ ಕಾನೂನು ಕೆಲವರಿಗೆ ಪರಿಹಾರ ನೀಡಿತು, ಎಲ್ಲರಿಗೂ ಅಲ್ಲ. ಇದನ್ನೆಲ್ಲ ಮೊಮ್ಮಗಳಿಗೆ ವಿವರಿಸುತ್ತ ನಡೆದಾಗ ಆಕೆ, "ಅಜ್ಜಾ, ನಮ್ಮೂರಾಗ ಕಬ್ಬು ಕಡಿಯೋರು ಯಾವ ಊರವರು?" ಎಂದು ಕೇಳಿದಳು. ಮಹಾರಾಷ್ಟ್ರದ ಕಡೆಯಿಂದ ಗ್ಯಾಂಗುಗಳು ಬರುತ್ತವೆ ಎಂದೆ. ನಮ್ಮ ಹೊಲದ ಬದುವಿನಲ್ಲಿ ಪ್ರತಿ ವರ್ಷ ಗುಡಿಸಲು ಹಾಕುವ ಅವರ ಮಕ್ಕಳು ಆ ತಿಂಗಳುಗಳಲ್ಲಿ ಯಾವ ಶಾಲೆಗೆ ಹೋಗುವರೆಂದು ಆಕೆ ಮತ್ತೆ ಕೇಳಿದಳು. ನಾನು ಒಮ್ಮೆಯೂ ವಿಚಾರಿಸಿರಲಿಲ್ಲ.

ಓಣಿಯಲ್ಲಿ ಹುಡುಗರು ಪೊರಕೆಯ ಕೋಲಿನಿಂದ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳವನ್ನು ಹೊಡೆಯುವ ಆಟವಾಡುತ್ತಿದ್ದರು. ನಮ್ಮ ಚಿಣ್ಣಿದಾಂಡಿನ ಸೋದರನೆನ್ನಬೇಕು. ನಾವು ಮುಟ್ಟುವಷ್ಟರಲ್ಲಿ ಆ ತಾಯಿ ಅಂಗಿಗಳನ್ನು ಮತ್ತೆ ಬೋಗುಣಿಗೆ ಹಾಕಿದ್ದಳು. ಅವು ಶಾಲೆಯ ಸಮವಸ್ತ್ರಗಳು, ಸೋಮವಾರಕ್ಕೆ ಬೇಕಾದವು. ಮೊಮ್ಮಗಳು ಕ್ಷಮೆ ಬೇಡಿದಳು, ನಾನು ಕೈಮುಗಿದೆ. ಆಕೆ ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು, ಸೆರಗಿನಂತಿದ್ದ ಬಟ್ಟೆಯಿಂದ ಒರೆಸಿ ನನ್ನ ಮುಂದಿಟ್ಟಳು. ಕೆಸರಿನ ಪ್ಯಾಂಟಿನಲ್ಲಿ ಅದರ ಮೇಲೆ ಕೂಡಲು ನನಗೆ ಸಂಕೋಚ. ನಿಂತೇ ಇದ್ದರೆ ಅವಮಾನ ಮಾಡಿದಂತೆ. ಕುಳಿತೆ. ಬಗ್ಗಿಗಳು ಬರುವ ದಿನ ತಾನು ಬಟ್ಟೆಯನ್ನು ಹಿತ್ತಲಲ್ಲೇ ಹಾಕುವುದಾಗಿಯೂ, ಅಂದು ಅವು ಎಂದಿಗಿಂತ ಬೇಗ ಬಂದುದಾಗಿಯೂ ಹೇಳಿದಳಂತೆ. ನಾನು ಕೊಟ್ಟ ಹಣವನ್ನು ಸಂಕೋಚವಿಲ್ಲದೆ ತೆಗೆದುಕೊಂಡು, ಇನ್ನೂ ಒಂದು ಮಾತನ್ನು ಮೊಮ್ಮಗಳಿಗೆ ಎರಡು ಸಲ ಹೇಳಿದಳು. ಹಣ ಒಂದು ದಿನದ್ದು. ಈ ಮನೆಗಳ ನಡುವೆ ನಿಧಾನವಾಗಿ ಹೋಗಲು ಅವರಿಗೆ ಹೇಳಿರಿ, ಹುಡುಗರು ಆಡುತ್ತಿರುತ್ತಾರೆ, ಎಂದು.

ಮಾರ್ಗದರ್ಶಿಗೆ ಹೇಳಿದೆವು. ಆತ ಕೆಟ್ಟವನಲ್ಲ. ನಿಧಾನ ಹೋದರೆ ಹಣ ಕೊಟ್ಟವರು ದೂರುತ್ತಾರೆ, ಕೆಸರಿಗಾಗಿಯೇ ಅವರು ಬರುವುದು ಎಂದ. ಕೆಲವೇ ನಿಮಿಷಗಳ ಹಿಂದೆ ನಾನು ಕೂಗಿದ ಮಾತು ನೆನಪಾಗಿ ಬಾಯಿ ಕಟ್ಟಿತು.

ಮರಳುವಾಗಲೂ ಅದೇ ದಾರಿ. ಮುಂದಿನವು ಹಾರಿಕೊಂಡು ಹೋದವು. ಅಳಿಯಂದಿರು ಯಾರೂ ಹೇಳದೆಯೇ ವೇಗ ತಗ್ಗಿಸಿ ಹೊಂಡವನ್ನು ಸುತ್ತಿ ಹೋದರು. ಹಿಂದಿನಿಂದ ಹಾರನ್ನುಗಳು ಕೂಗಿದವು, ದೂರದಿಂದ ಮಾರ್ಗದರ್ಶಿ ಕೈ ಬೀಸಿ ಅವಸರಪಡಿಸಿದ. ಹುಡುಗರು ಕೋಲು ಹಿಡಿದು ಗೋಡೆಗೆ ಒತ್ತಿ ನಿಂತು ನಾವೆಲ್ಲ ದಾಟುವುದನ್ನು ಕಾಯುತ್ತಿದ್ದರು. ಬೇಲಿ ಬರಿದಾಗಿತ್ತು. "ಅಜ್ಜಾ, ಹಿಂದ ಹಾಕ್ಯಾರ ನೋಡ್ರಿ" ಎಂದಳು ಮೊಮ್ಮಗಳು. ಹಿತ್ತಲಿನ ಹಗ್ಗದ ಮೇಲೆ ಅಂಗಿಗಳು ನೀರಿಳಿಸುತ್ತಿದ್ದವು.

ಹೊರಟ ಜಾಗದಲ್ಲಿ ಎಲ್ಲರಿಗೂ ಅಭಿಪ್ರಾಯ ಬರೆಯುವ ಚೀಟಿ ಕೊಟ್ಟರು. ಮಗಳು ಕಸಾಬೆಯನ್ನು ಹೊಗಳಿ ಇಂಗ್ಲಿಷಿನಲ್ಲಿ ಬರೆದಳು. ಮೊಮ್ಮಗಳು ಆ ತಾಯಿಯ ಮಾತನ್ನು ಆಕೆ ಹೇಳಿದಂತೆಯೇ ಸ್ಪ್ಯಾನಿಷ್‌ನಲ್ಲಿ ಬರೆದು, ಒಂದೆರಡು ಕಾಗುಣಿತವನ್ನು ಮಾರ್ಗದರ್ಶಿಯ ಬಳಿಯಲ್ಲಿಯೇ ಕೇಳಿ ತಿದ್ದಿಕೊಂಡಳು. ಅದರ ಕೆಳಗೆ ನಾನು ಕನ್ನಡದಲ್ಲಿ ಸಹಿ ಹಾಕಿದೆ. ಆತ ಅದನ್ನು ಇನ್ನೊಮ್ಮೆ ಓದಿ, ಮಡಿಸಿ, ಉಳಿದ ಚೀಟಿಗಳ ಡಬ್ಬಿಗೆ ಹಾಕದೆ ತನ್ನ ಅಂಗಿಯ ಕಿಸೆಯಲ್ಲಿಟ್ಟುಕೊಂಡ.