ಮರಗಳ ನಡುವೆ ಈಜುವ ಡಾಲ್ಫಿನ್

ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ ಮರಗಳ ನಡುವೆ ಈಜುವ ಡಾಲ್ಫಿನ್ ಇದೆ, ಅದೂ ಗುಲಾಬಿ ಬಣ್ಣದ್ದು ಎಂದಾಗ ನನ್ನ ಮೊಮ್ಮಗಳು, “ರೈಲು ಬಿಡಬೇಡಿ ತಾತ” ಎಂದು ನಕ್ಕಳು.

ರೈಲಲ್ಲ ಮಕ್ಕಳೇ. ಮಳೆಗಾಲದಲ್ಲಿ ಅಲ್ಲಿ ಕೆಲವು ಕಡೆ ನದಿ 10 ಮೀಟರಿಗೂ ಹೆಚ್ಚು ಏರುತ್ತದೆ. ತಿಂಗಳುಗಟ್ಟಲೆ ಕಾಡು ನೀರಿನಲ್ಲೇ ನಿಂತಿರುತ್ತದೆ. ಉದುರಿದ ಹಣ್ಣು ತಿನ್ನಲು ಮೀನುಗಳು ಕಾಡಿಗೆ ನುಗ್ಗುತ್ತವೆ, ಅವುಗಳ ಬೆನ್ನಿಗೆ ಡಾಲ್ಫಿನ್. ಸಮುದ್ರದ ಹೆಚ್ಚಿನ ಡಾಲ್ಫಿನ್‌ಗಳಂತಲ್ಲದೆ ಇದಕ್ಕೆ ಕತ್ತು ಚೆನ್ನಾಗಿ ತಿರುಗುತ್ತದೆ. ಬೇರು, ಕಾಂಡಗಳ ಸಂದಿಯಲ್ಲಿ ಸಲೀಸಾಗಿ ನುಸುಳುತ್ತದೆ. ಕದಡಿದ ನೀರಿನಲ್ಲಿ ತಾನೇ ಸದ್ದು ಮಾಡಿ, ಅದರ ಪ್ರತಿಧ್ವನಿ ಕೇಳಿ ದಾರಿ ಹಿಡಿಯುತ್ತದೆ. ನಮ್ಮ ಗಂಗಾ ನದಿಯ ಡಾಲ್ಫಿನ್ನೂ ಹೀಗೆಯೇ. ಮರಿಯಾಗಿದ್ದಾಗ ಬೂದು ಬಣ್ಣ, ವಯಸ್ಸಾದಂತೆ ಗುಲಾಬಿ. ನಮ್ಮ ತಲೆಗೂದಲಿಗೆ ಆ ಭಾಗ್ಯವಿಲ್ಲ!

ಅಲ್ಲಿಯ ಜನ ಇದನ್ನು ಬೊಟೊ ಎನ್ನುತ್ತಾರೆ. ಹಬ್ಬದ ರಾತ್ರಿ ಇದು ಬಿಳಿ ಬಟ್ಟೆಯ ಚೆಲುವ ಯುವಕನಾಗಿ ಊರಿಗೆ ಬರುತ್ತದಂತೆ. ನೆತ್ತಿಯ ಮೇಲಿನ ಉಸಿರಿನ ತೂತು ಕಾಣಬಾರದೆಂದು ಟೋಪಿಯನ್ನು ಮಾತ್ರ ತೆಗೆಯುವುದಿಲ್ಲವಂತೆ.

ಅದೇ ನೀರಿನ ಅಂಚಿನ ಕೊಂಬೆಗಳಲ್ಲಿ ಹೊವಾಟ್ಸಿನ್ ಎಂಬ ಜುಟ್ಟಿನ ಹಕ್ಕಿ ಇದೆ. ಎಲೆಯೇ ಇದರ ಊಟ. ಹಸುವಿನ ಹೊಟ್ಟೆಯಲ್ಲಿ ಹುಲ್ಲು ಹುದುಗುವಂತೆ ಇದರ ಗಂಟಲಚೀಲದಲ್ಲಿ ಎಲೆ ಹುದುಗುತ್ತದೆ. ಹಾಗಾಗಿ ಹಕ್ಕಿಯ ಮೈಯೆಲ್ಲ ಸಗಣಿ ವಾಸನೆ. ಕೊಟ್ಟಿಗೆಯ ಮನೆಯಲ್ಲಿ ಬೆಳೆದ ನನಗೆ ಅದೇನೂ ದೊಡ್ಡ ದೋಷವಾಗಿ ಕಾಣಲಿಲ್ಲ. ಇದರ ಮರಿಯ ಒಂದೊಂದು ರೆಕ್ಕೆಯಲ್ಲೂ ಎರಡು ಉಗುರುಗಳಿವೆ. ಶತ್ರು ಬಂದರೆ ಮರಿ ಗೂಡಿನಿಂದ ನೀರಿಗೆ ಧುಮುಕಿ, ಈಜಿ, ಆ ಉಗುರುಗಳಿಂದ ಮರ ಹಿಡಿದು ಮತ್ತೆ ಮೇಲೇರುತ್ತದೆ.

2023ರಲ್ಲಿ ಅಲ್ಲಿ ಭೀಕರ ಬರ ಬಿತ್ತು. ಬ್ರೆಜಿಲ್ ದೇಶದ ಟೆಫೆ ಸರೋವರ ಬತ್ತುತ್ತಾ ಬಂತು, ಉಳಿದ ತೆಳು ನೀರು ಬಿಸಿಲಿಗೆ ಕಾದು 39 ಡಿಗ್ರಿ ಸೆಲ್ಸಿಯಸ್ ದಾಟಿತು. ಜ್ವರ ಬಂದಾಗ ಥರ್ಮಾಮೀಟರ್ ನೋಡಿ ಅಮ್ಮ “102!” ಎಂದು ಗಾಬರಿಯಾಗುತ್ತಾರಲ್ಲ, ಅಷ್ಟು ಬಿಸಿ. ನಮಗಾದರೆ ಹಣೆಗೆ ಒದ್ದೆಬಟ್ಟೆ ಹಾಕುವವರಿರುತ್ತಾರೆ. ಕೆಲವೇ ವಾರಗಳಲ್ಲಿ ಬೊಟೊ ಮತ್ತು ಟುಕುಶಿ ಎಂಬ ಇನ್ನೊಂದು ಜಾತಿ ಸೇರಿ 150ಕ್ಕೂ ಹೆಚ್ಚು ಡಾಲ್ಫಿನ್‌ಗಳು ಸತ್ತು ತೇಲಿದವು.

ಬೊಟೊ ತಾಯಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಅದಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಲೂಡಿಸುತ್ತದೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು. ಈ ಖಾತೆಗೆ ಜಮಾ ಎಷ್ಟು ನಿಧಾನ ಎಂದು ಲೆಕ್ಕ ಹಾಕಿ ಸುಮ್ಮನೆ ಕುಳಿತೆ. 2024ರಲ್ಲಿ ಅಲ್ಲಿ ಮತ್ತೆ ಬರ ಬಂತು. ಈಗ ಸೆಪ್ಟೆಂಬರ್ ಬಂದರೆ ಸಾಕು, ಪತ್ರಿಕೆಯಲ್ಲಿ ನಮ್ಮೂರಿನ ಮಳೆ ನೋಡಿದ ಮೇಲೆ ಬ್ರೆಜಿಲ್‌ನ ಮಳೆಯನ್ನೂ ಹುಡುಕುತ್ತೇನೆ.