ಮೂವತ್ತು ವರ್ಷ ಕರೆಂಟ್ ಹೋಗದ ಕಾರ್ಡು

ನಮ್ಮ ಕ್ಲಾಸಿನಲ್ಲಿ ಎಲ್ಲರ ಬ್ಯಾಗಿನಲ್ಲೂ ಇರೋದು ಹೆಚ್ಚುಕಮ್ಮಿ ಒಂದೇ ಥರದ ಸೈಂಟಿಫಿಕ್ ಕ್ಯಾಲ್ಕುಲೇಟರ್. ಪ್ರೋಗ್ರಾಮ್ ಬರೆಯೋಕಾಗುವಂಥದ್ದನ್ನ ಪರೀಕ್ಷೆ ಹಾಲ್ ಒಳಗೆ ಬಿಡೋದಿಲ್ಲ. ಹಾಗಾಗಿ ಅಂಥದ್ದೊಂದಿದೆ ಅನ್ನೋದೇ ನಮಗೆ ಸರಿಯಾಗಿ ಗೊತ್ತಿರಲ್ಲ. ಈ ಸೆಮಿಸ್ಟರ್ ನಮ್ಮ ಮೂವರ ಕೈಗೆ ಒಂದು ಸಿಕ್ತು: ಎಚ್‌ಪಿ 48ಜಿಎಕ್ಸ್. ಅಮೆರಿಕದ ಆರೆಗನ್ ರಾಜ್ಯದ ಕೊರ್ವಾಲಿಸ್‌ನಲ್ಲಿ ವಿನ್ಯಾಸವಾಗಿ 1993ರಲ್ಲಿ ಮಾರುಕಟ್ಟೆಗೆ ಬಂದದ್ದು. 131 × 64 ಚುಕ್ಕಿಗಳ ಪರದೆ, 128 ಕಿಲೋಬೈಟ್ ರ್‍ಯಾಮ್. ಎರಡು ಕೂಡಿಸು ಮೂರು ಅಂತ ಒತ್ತೋ ಅಭ್ಯಾಸ ಇಲ್ಲಿ ನಡೆಯಲ್ಲ. ಎರಡು, ಎಂಟರ್, ಮೂರು, ಆಮೇಲೆ ಪ್ಲಸ್. ಮೇಲ್ತುದಿಯ ಮುಚ್ಚಳ ತೆಗೆದರೆ ಎರಡು ಸ್ಲಾಟ್, ಅದರೊಳಗೆ ಕೂರುವ ಮೆಮೊರಿ ಕಾರ್ಡುಗಳು. ನಮ್ಮ ಕಥೆ ಆ ಕಾರ್ಡುಗಳದ್ದು.

ಕ್ಯಾಲ್ಕುಲೇಟರ್ ನಮ್ಮಲ್ಲೊಬ್ಬಳ ದೊಡ್ಡಪ್ಪನದು. ಅಮೆರಿಕದಲ್ಲಿ ರಸ್ತೆ ಸರ್ವೆ ಕೆಲಸದಲ್ಲಿದ್ದು, ಈಗ ಮೈಸೂರಿಗೆ ವಾಪಸ್ ಬಂದಿದ್ದಾರೆ. ಆ ಕಾಲದಲ್ಲಿ ಅಲ್ಲಿನ ಸರ್ವೆಯವರು 48 ಸರಣಿಯ ಕ್ಯಾಲ್ಕುಲೇಟರುಗಳನ್ನ ಬಿಸಿಲು, ಧೂಳು ಅನ್ನದೆ ಬಳಸ್ತಿದ್ರು. ದೊಡ್ಡಪ್ಪ ತಮಗೆ ಬೇಕಾದ ಪ್ರೋಗ್ರಾಮುಗಳನ್ನ ತಾವೇ ಬರ್ಕೊಂಡಿದ್ರು. ಇನ್‌ಫ್ರಾರೆಡ್ ಪ್ರಿಂಟರಿನಲ್ಲಿ ತೆಗೆದಿಟ್ಟಿದ್ದ ಪ್ರತಿ ಶಾಖದ ಕಾಗದದ್ದು, ಈಗ ಪೂರ್ತಿ ಮಾಸಿಹೋಗಿದೆ. ಉಳಿದದ್ದು ಕಾರ್ಡಿನಲ್ಲಿ ಇರೋದು ಮಾತ್ರ.

ಪೆನ್‌ಡ್ರೈವ್ ಥರ ಅಂದ್ಕೋಬೇಡಿ. ಪೆನ್‌ಡ್ರೈವಿನಲ್ಲಿರೋದು ಫ್ಲ್ಯಾಶ್, ಕರೆಂಟ್ ಇಲ್ಲದಿದ್ರೂ ನೆನಪಿಟ್ಕೊಳ್ಳತ್ತೆ. ಈ ಕಾರ್ಡಿನಲ್ಲಿರೋದು ಸ್ಟ್ಯಾಟಿಕ್ ರ್‍ಯಾಮ್. ಕರೆಂಟ್ ಹೋದ ಕ್ಷಣ ಎಲ್ಲ ಹೋಯ್ತು. ಅದಕ್ಕೇ ಕಾರ್ಡಿನ ಅಂಚಿನಲ್ಲೊಂದು ಸಿಆರ್2016 ಬಟನ್ ಸೆಲ್. ಆ ಸೆಲ್ಲಿನಲ್ಲಿ ಸುಮಾರು 90 ಮಿಲಿಆಂಪ್-ಗಂಟೆ ಇರತ್ತೆ. ಕಾರ್ಡು 5 ಮೈಕ್ರೋಆಂಪ್ ಎಳೆದರೆ 18,000 ಗಂಟೆ, ಅಂದ್ರೆ ಎರಡು ವರ್ಷ. ದೊಡ್ಡಪ್ಪ ಅಪಾಯ ಬೇಡ ಅಂತ ಪ್ರತಿ ಯುಗಾದಿಗೆ ಸೆಲ್ ಬದಲಾಯಿಸ್ತಿದ್ರಂತೆ. 1994ರಿಂದ ಒಂದು ಸಲಾನೂ ತಪ್ಪಿಸಿಲ್ಲ. ಎರಡು ವರ್ಷದಿಂದ ಕೈ ನಡುಗೋಕೆ ಶುರುವಾಗಿ ಅದು ನಿಂತುಹೋಯ್ತು. ನಾವು ಆನ್ ಮಾಡಿದಾಗ ಪರದೆ ಮೇಲೆ ಬಂದದ್ದು: ‘ವಾರ್ನಿಂಗ್: ಲೋಬ್ಯಾಟ್(ಪಿ1)’. ಮೊದಲನೇ ಸ್ಲಾಟಿನ ಸೆಲ್ ಮುಗೀತಾ ಬಂದಿದೆ ಅಂತ.

ಅವರ ಹತ್ರ ಇನ್ನೊಂದು ಕಾರ್ಡೂ ಇತ್ತು, ಅದೂ 128 ಕಿಲೋಬೈಟಿನದೇ, ಎಷ್ಟೋ ವರ್ಷದ ಹಿಂದೆ ಕೆಟ್ಟದ್ದು. “ನೋಡ್ರಪ್ಪ, ಮೊದಲು ಈ ಸತ್ತಿರೋದನ್ನ ಬದುಕಿಸಿ ತೋರ್ಸಿ. ಆಮೇಲೆ ಜೀವ ಇರೋದನ್ನ ಮುಟ್ಟೋಕೆ ಬಿಡ್ತೀನಿ” ಅಂದ್ರು. ನ್ಯಾಯವಾದ ಮಾತೇ. ರಿಪೇರಿಯಾದ ಕಾರ್ಡಿಗೇ ಮೊದಲ ನಕಲು ಹೋಗಬೇಕಾದ್ದರಿಂದ, ಅದನ್ನ ಪೂರ್ತಿ ನಂಬೋ ಹಾಗೆ ಪರೀಕ್ಷೆ ಮಾಡೋದು ನಮಗೂ ಬೇಕಿತ್ತು.

ಸತ್ತ ಕಾರ್ಡಿನ ತಗಡು ಬಿಚ್ಚಿದೆವು. ಸೆಲ್ ಕೂರೋ ಜಾಗದ ಸುತ್ತ ಬಿಳಿ ಪುಡಿ. ಮಲ್ಟಿಮೀಟರನ್ನ ಸರಣಿಯಲ್ಲಿ ಹಾಕಿ ನೋಡಿದ್ರೆ 50 ಮೈಕ್ರೋಆಂಪ್! ಈ ಲೆಕ್ಕದಲ್ಲಿ ಹೊಸ ಸೆಲ್ಲೂ 75 ದಿನಕ್ಕೆ ಖಾಲಿ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೆತ್ತಗಿನ ಬ್ರಶ್‌ನಲ್ಲಿ ತಿಕ್ಕಿ, ಒಣಗಿಸಿ, ಮತ್ತೆ ನೋಡಿದಾಗ 4ಕ್ಕೆ ಇಳೀತು. ಕೊಳೆಯೇ ಅಷ್ಟು ಕರೆಂಟ್ ಕುಡೀತಿತ್ತು. ಆದ್ರೂ ಕ್ಯಾಲ್ಕುಲೇಟರಿಗೆ ಹಾಕಿದ್ರೆ ಕಾರ್ಡು ಕೆಲಸ ಮಾಡ್ಲಿಲ್ಲ.

ಆಗ ಆರ್ಡುಯಿನೋ ಮೆಗಾ ತೆಗೆದೆವು. 128 ಕಿಲೋಬೈಟ್ ಅಂದ್ರೆ 1,31,072 ಬೈಟ್, ಅದಕ್ಕೆ 17 ಅಡ್ರೆಸ್ ಲೈನು. ಡೇಟಾಗೆ 8, ಕಂಟ್ರೋಲಿಗೆ 3. ಒಟ್ಟು 28 ವಯರು, ಜೊತೆಗೆ ಪವರ್. ವಯರುಗಳನ್ನ ಚಿಪ್ಪಿನ ಕಾಲಿಗೆ ನೇರ ಸೇರಿಸದೆ, ಕ್ಯಾಲ್ಕುಲೇಟರಿಗೆ ತಾಗೋ ಅಂಚಿನ ಕಡೆಯಿಂದ ಎಳೆದೆವು. ಮಧ್ಯದಲ್ಲಿ ಎಲ್ಲಾದ್ರೂ ಸಂಪರ್ಕ ಬಿಟ್ಟಿದ್ರೆ, ಚಿಪ್ಪಿಗೇ ವಯರ್ ಹಾಕಿದಾಗ ಆ ದೋಷ ಕಾಣಲ್ವಲ್ಲ!

ಎಲ್ಲ ಬೈಟಿಗೂ ಹೆಕ್ಸ್ 55 ಬರೆದು ಓದೋದು, ಆಮೇಲೆ ಎಎ ಬರೆದು ಓದೋದು ಸುಲಭದ ಪರೀಕ್ಷೆ. ಪ್ರತಿ ಬಿಟ್ಟೂ ಒಮ್ಮೆ ಸೊನ್ನೆ, ಒಮ್ಮೆ ಒಂದು ಆಗತ್ತೆ. ನಮ್ಮ ಕಾರ್ಡು ಇದರಲ್ಲಿ ಡಿಸ್ಟಿಂಕ್ಷನ್ ಪಾಸ್. ಆದ್ರೆ ಅಷ್ಟಕ್ಕೇ ಬಿಟ್ಟರೆ ಸಾಲದು. ಮನೆ ನಂಬರಿನ ಒಂದು ಅಂಕಿ ಕಾಣದ ಪೋಸ್ಟ್‌ಮ್ಯಾನ್ ಇದ್ದಾನೆ ಅಂದ್ಕೊಳ್ಳಿ. ಎಲ್ಲ ಮನೆಗೂ ಒಂದೇ ಕರಪತ್ರ ಹಂಚಿಸಿದ್ರೆ ಅವನ ತಪ್ಪು ಗೊತ್ತಾಗಲ್ಲ. ಬೇರೆಬೇರೆ ಕಾಗದ ಕೊಟ್ಟು ನೋಡಬೇಕು. ಮೆಮೊರಿಯನ್ನ 4 ಕಿಲೋಬೈಟಿನ 32 ಭಾಗ ಮಾಡಿ, ಒಂದೊಂದಕ್ಕೂ ಅದರದೇ ನಂಬರು, 0ರಿಂದ 31, ಬರೆದೆವು. ವಾಪಸ್ ಓದಿದ್ರೆ ಬಂದದ್ದು 1, 1, 3, 3, 5, 5... ಬರೀ ಬೆಸ ಸಂಖ್ಯೆ. ಎರಡೆರಡು ಭಾಗಕ್ಕೆ ಒಂದೇ ಜಾಗ ಸಿಗ್ತಿದೆ, ಎರಡನೆಯದು ಮೊದಲನೆಯದನ್ನ ಅಳಿಸ್ತಿದೆ. ಅಂದ್ರೆ 4096ರ ಲೈನು, ಎ12, ಕೆಟ್ಟಿದೆ.

ಮಲ್ಟಿಮೀಟರಿನಲ್ಲಿ ಅದೇ ಲೈನಿಗೆ ಬೀಪ್ ಬರ್ತಿತ್ತು! ಕಾರಣ ತಮಾಷೆಯಾಗಿದೆ: ಬೆಸುಗೆ ಬಿರುಕು ಬಿಟ್ಟಿತ್ತು, ನಾವು ಪ್ರೋಬ್ ಒತ್ತಿದಾಗ ಚಿಪ್ಪಿನ ಕಾಲು ಕೆಳಗೆ ತಾಗ್ತಿತ್ತು, ಬಿಟ್ಟಾಗ ಮೇಲೇಳ್ತಿತ್ತು. ಸ್ವಲ್ಪ ಫ್ಲಕ್ಸ್, ಸಣ್ಣ ಮೂತಿಯ ಸೋಲ್ಡರಿಂಗ್ ಐರನ್, ಎರಡು ಸೆಕೆಂಡು. 0ರಿಂದ 31 ಸರಿಯಾಗಿ ಬಂತು. ಕೆಳಗಿನ ಲೈನುಗಳಿಗಾಗಿ ಪ್ರತಿ ಅಡ್ರೆಸ್ಸಿನಿಂದಲೇ ಲೆಕ್ಕ ಹಾಕಿದ ಸಂಖ್ಯೆ ಬರೆದು ಇಡೀ ಕಾರ್ಡು ಓದಿದೆವು. ಕೊನೇದು ನೆನಪಿನ ಪರೀಕ್ಷೆ. ಇಂಥ ಚಿಪ್ಪುಗಳು 2 ವೋಲ್ಟ್‌ವರೆಗೆ ಡೇಟಾ ಹಿಡಿದಿಡಬೇಕು. ಸೆಲ್ ಜಾಗಕ್ಕೆ ಲ್ಯಾಬಿನ ಪವರ್ ಸಪ್ಲೈಯಿಂದ 2.2 ವೋಲ್ಟ್ ಕೊಟ್ಟು ಒಂದು ರಾತ್ರಿ, ಆಮೇಲೆ ಹೊಸ ಸೆಲ್ ಹಾಕಿ ಡ್ರಾಯರಿನಲ್ಲಿ ಒಂದು ವಾರ. ಒಂದು ಬಿಟ್ಟೂ ಕದಲಲಿಲ್ಲ.

ಮೈಸೂರಿಗೆ ಹೋಗಿ ರಿಪೇರಿಯಾದದ್ದನ್ನ ಎರಡನೇ ಸ್ಲಾಟಿಗೆ ಹಾಕಿದೆವು. ಹೊಸ ಕಾರ್ಡಿಗೆ ಬರುವ ‘ಇನ್‌ವ್ಯಾಲಿಡ್ ಕಾರ್ಡ್ ಡೇಟಾ’ ಬಂತು, ಪಿಐಎನ್‌ಐಟಿ ಕೊಟ್ಟ ಮೇಲೆ ತಯಾರು. ಒಂದೊಂದೇ ಪ್ರೋಗ್ರಾಮನ್ನ ಮೊದಲ ಕಾರ್ಡಿನಿಂದ ಎರಡನೇದಕ್ಕೆ ನಕಲು ಮಾಡಿದೆವು. ಬೈಟ್ಸ್ ಅನ್ನೋ ಆಜ್ಞೆ ಗಾತ್ರ ಮತ್ತು ಚೆಕ್‌ಸಮ್ ಎರಡನ್ನೂ ಕೊಡತ್ತೆ. ಎರಡೂ ಕಡೆ ತಾಳೆ ನೋಡಿದೆವು. ಸೀರಿಯಲ್ ವಯರಿನಲ್ಲಿ ಲ್ಯಾಪ್‌ಟಾಪಿಗೂ ಇನ್ನೊಂದು ಪ್ರತಿ ಹೋಯ್ತು.

ಇನ್ನು ಹಳೇ ಕಾರ್ಡಿನ ಸೆಲ್. ಅದನ್ನ ಕಾರ್ಡು ಒಳಗಿದ್ದು, ಕ್ಯಾಲ್ಕುಲೇಟರ್ ಆನ್ ಇದ್ದಾಗಲೇ ಬದಲಾಯಿಸಬೇಕು. ಆಗ ಕರೆಂಟ್ ಕ್ಯಾಲ್ಕುಲೇಟರಿನ ಮೂರು ಟ್ರಿಪಲ್-ಎ ಸೆಲ್ಲುಗಳಿಂದ ಬರತ್ತೆ. ಆದ್ರೆ ಹತ್ತು ನಿಮಿಷ ಯಾವ ಕೀಯನ್ನೂ ಒತ್ತದಿದ್ರೆ ಅದು ತಾನೇ ಆಫ್ ಆಗತ್ತೆ. ಹಾಗಾಗಿ ಟ್ರಿಪಲ್-ಎ ಹೊಸದು ಹಾಕಿಕೊಂಡು, ಒಬ್ಬರಿಗೆ ಕೀ ಒತ್ತೋ ಕೆಲಸ ಮಾತ್ರ ಕೊಟ್ಟೆವು. ನಕಲು ಎರಡಿದ್ರೂ ಟ್ರೇ ಎಳೆಯುವಾಗ ಯಾರೂ ಮಾತಾಡ್ಲಿಲ್ಲ. ಹಳೇ ಸೆಲ್ 2.4 ವೋಲ್ಟ್ ತೋರಿಸ್ತು. ಹೊಸದು ಕೂತಿತು. ಎಚ್ಚರಿಕೆ ಹೋಯ್ತು, ಪ್ರೋಗ್ರಾಮುಗಳೆಲ್ಲ ಇದ್ದವು.

ಅವುಗಳ ಹೆಸರು ನೋಡಿ ನಗು ಬಂತು: ಕಲ್ಲು, ಗಡಿ, ಇಳಿಜಾರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. “ಅಲ್ಲಿ ಕನ್ನಡ ಮಾತಾಡೋರು ಯಾರಿದ್ರು? ದಿನಾ ಈ ಕೀ ಒತ್ತುವಾಗಾದ್ರೂ ಹೇಳ್ಕೊಳ್ಳೋಣ ಅಂತ” ಅಂದ್ರು ದೊಡ್ಡಪ್ಪ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಕೋಡಿನಲ್ಲಿ ಟೆಂಪ್1, ಟೆಂಪ್2 ಅಂತ ಹೆಸರಿಡೋ ನಮಗೆ ಏನು ಹೇಳಬೇಕೋ ತಿಳೀಲಿಲ್ಲ. ‘ಗಡಿ’ಗೆ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ನಾಲ್ಕು ಮೂಲೆ ಕೊಟ್ಟೆವು, 28 ಮೀಟರ್, 15 ಮೀಟರ್. 420 ಅಂತು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಕ್ಯಾಲ್ಕುಲೇಟರ್ ಸಿಕ್ಕರೆ, ದಯವಿಟ್ಟು ಕಾರ್ಡಿನ ಸೆಲ್ ತಕ್ಷಣ ತೆಗೀಬೇಡಿ. ಮೊದಲು ಆನ್ ಮಾಡಿ, ಒಳಗೇನಿದೆ ನೋಡಿ, ಅದನ್ನ ಬರೆದೋರು ಇದ್ರೆ ಕೇಳಿ. 28 ವಯರಿನ ಆ ಬೋರ್ಡನ್ನ ನಾವು ಬಿಚ್ಚಿಲ್ಲ. ಬೇಕಾದ್ರೆ ಬನ್ನಿ.