ಗುಜರಿಗೆ ಹೋಗದ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರ್ 2012ರದು. ರಜೆಗೆ ಬಂದ ಮಗ ಒಂದು ಸಂಜೆ ಆಟವಾಡಲು ಕೂತವನು, “ಗುಜರಿಗೆ ಹಾಕಮ್ಮಾ, ಹೊಸದು ತರೋಣ” ಎಂದ. ವರ್ಷಕ್ಕೆ ನಾಲ್ಕು ದಿನದ ಆಟಕ್ಕೆ ಅರ್ಧ ಲಕ್ಷವೇ?

ನಾನು ಓದಿದ್ದು ಇಂಗ್ಲಿಷ್ ಬಿ.ಎ.; ಶೇಕ್ಸ್‌ಪಿಯರ್ ಗೊತ್ತು, ಎಸ್‌ಎಸ್‌ಡಿ ಗೊತ್ತಿರಲಿಲ್ಲ. ಡಬ್ಬವನ್ನು ಬಟ್ಟೆಚೀಲದಲ್ಲಿಟ್ಟು, ಫೋರ್ಟ್ ಕೊಚ್ಚಿಯಿಂದ ದೋಣಿಯಲ್ಲಿ ಎರ್ನಾಕುಳಂಗೆ ಹೋಗಿ ಪೆಂಟಾ ಮೇನಕದ ಅಂಗಡಿಯೊಂದಕ್ಕೆ ಕೊಟ್ಟೆವು. ಮುಚ್ಚಳ ತೆಗೆದರೆ ಧೂಳು, ಕಡಲಗಾಳಿಯ ತುಕ್ಕು. ಎಸ್‌ಎಸ್‌ಡಿ ಹಾಕಿಸಿ, 4 ಜಿಬಿ ರ್‍ಯಾಮನ್ನು 8 ಮಾಡಿಸಿದ್ದಕ್ಕೆ 3,000 ರೂಪಾಯಿಯೂ ಆಗಲಿಲ್ಲ. ಈಗ ಕಾಫಿ ಬೆರೆಸುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಹೊಸ ಆಟಗಳಿಗೆ ಗ್ರಾಫಿಕ್ಸ್ ಕಾರ್ಡೇ ಬೇಕು, ಅದಕ್ಕೆ ತಕ್ಕ ಪವರ್ ಸಪ್ಲೈಯೂ ಬೇಕು. ಅಷ್ಟು ಖರ್ಚು ಬೇಡವೆಂದು ಮಗ 1999ರ ‘ಏಜ್ ಆಫ್ ಎಂಪೈರ್ಸ್ 2’ಕ್ಕೇ ತೃಪ್ತನಾದ.

ಹಳೆಯ ಡಿಸ್ಕ್ ಬಿಟ್ಟುಹೋಗುತ್ತೀರಾ ಎಂದು ಅಂಗಡಿಯ ಹುಡುಗ ಮಲಯಾಳದಲ್ಲಿ ಕೇಳಿದಾಗ ಎದೆ ಧಸಕ್ಕೆಂದಿತು. ತೀರಿಕೊಂಡ ನಮ್ಮ ಮಾವನವರು ಮೊಮ್ಮಗನಿಗೆಂದು ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ ಪತ್ರಗಳು ಅದರಲ್ಲೇ ಇದ್ದವು! (ನೀವಾದರೂ ಮೊದಲೇ ಪ್ರತಿ ತೆಗೆದಿಟ್ಟುಕೊಳ್ಳಿ.) ಮನೆಗೆ ತಂದು ತೆರೆದರೆ ಬರೀ ಗೀಚು, ನುಡಿ ಫಾಂಟ್ ಹಾಕಿದ ಮೇಲೆ ಅಕ್ಷರ ಮೂಡಿತು. ಕನ್ನಡ ಮಾತಾಡುವ ಮಗನಿಗೆ ಓದಲು ಬಾರದು. ಆಟ ನಿಲ್ಲಿಸಿ, ಪಕ್ಕಕ್ಕೆ ಕುರ್ಚಿ ಎಳೆದು, “ನೀನೇ ಓದಮ್ಮಾ” ಎಂದ.